ಬಿಟ್ಟು ಹೋಗಲು ಬಿಡುವ ಹೋಸ್ಟಿಂಗ್



"ವೆಬ್‌ಸೈಟ್ ಮಾಡಿಸೋಣ ಅಂತಿದೀವಿ, ಯಾವ ಹೋಸ್ಟಿಂಗ್ ಒಳ್ಳೇದು, ಒಂದು ಹೆಸರು ಹೇಳಿಬಿಡಿ" ಎಂದು ಕೇಳುವವರು ಈಗ ದೊಡ್ಡ ವ್ಯಾಪಾರಿಗಳಷ್ಟೇ ಅಲ್ಲ. ಸಂಘದ ಕಾರ್ಯದರ್ಶಿಗಳು ಕೇಳುತ್ತಾರೆ, ಹೋಂಸ್ಟೇ ನಡೆಸುವವರು ಕೇಳುತ್ತಾರೆ, ಹಳೆ ವಿದ್ಯಾರ್ಥಿಗಳ ಬಳಗದವರು, ಯಕ್ಷಗಾನ ಮೇಳದವರು, ವರ್ಷಕ್ಕೆ ನಾಲ್ಕು ಪುಸ್ತಕ ತರುವ ಪ್ರಕಾಶಕರು ಕೇಳುತ್ತಾರೆ. ಒಂದು ಹೆಸರು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಇವತ್ತು ಚೆನ್ನಾಗಿದ್ದ ಕಂಪನಿ ನಾಳೆ ಇನ್ನೊಬ್ಬರ ಕೈಗೆ ಮಾರಾಟವಾಗಬಹುದು, ದರ ಏರಿಸಬಹುದು, ಫೋನ್ ಎತ್ತುವವರನ್ನೇ ತೆಗೆದುಹಾಕಬಹುದು. ಹಾಗಾಗಿ ಇಂಥದ್ದನ್ನೇ ಕೊಳ್ಳಿ ಎಂದು ನಾನು ಇಲ್ಲಿ ಹೇಳುವುದಿಲ್ಲ. ಬದಲಿಗೆ ನನ್ನ ಪಕ್ಷಪಾತವನ್ನು ಮೊದಲೇ ಬಿಚ್ಚಿಡುತ್ತೇನೆ. ಹೋಸ್ಟಿಂಗ್ ಆರಿಸುವಾಗ ಎಷ್ಟು ಜಾಗ ಕೊಡುತ್ತಾರೆ, ಎಷ್ಟು ವೇಗ ಕೊಡುತ್ತಾರೆ ಎಂದು ನೋಡುವ ಮೊದಲು, ನಾಳೆ ಬೇಡವೆನಿಸಿದರೆ ಎಷ್ಟು ಸಲೀಸಾಗಿ ಬಿಟ್ಟುಬರಬಹುದು ಎಂದು ನೋಡಬೇಕು.

ಹೋಸ್ಟಿಂಗ್ ಅಂದರೆ ಏನು ಎನ್ನುವವರಿಗೆ ಎರಡು ಮಾತು. ನಿಮ್ಮ ವೆಬ್‌ಸೈಟಿನ ಬರಹ, ಚಿತ್ರ ಎಲ್ಲವೂ ಎಲ್ಲೋ ಒಂದು ಕಡೆ ಹಗಲೂ ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಯಾರಾದರೂ ಮೊಬೈಲಿನಲ್ಲಿ ನಿಮ್ಮ ಸೈಟಿನ ಹೆಸರು ಒತ್ತಿದಾಗ ಆ ಕಂಪ್ಯೂಟರು ಪುಟವನ್ನು ಕಳಿಸಿಕೊಡುತ್ತದೆ. ಅದೇ ಸರ್ವರ್. ಲೋಕದ ಮೊದಲ ವೆಬ್ ಸರ್ವರು ಸ್ವಿಟ್ಜರ್‌ಲೆಂಡಿನ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪ್ಯೂಟರು. 1991ರಲ್ಲಿ ಅದು ಹೊರಲೋಕಕ್ಕೆ ತೆರೆದುಕೊಂಡಿತು. ಯಾರಾದರೂ ಗೊತ್ತಿಲ್ಲದೆ ಸ್ವಿಚ್ ಆರಿಸಿಬಿಟ್ಟರೆ ಇಡೀ ವೆಬ್ಬೇ ಮುಚ್ಚಿಹೋಗುತ್ತಿತ್ತು! ಅದಕ್ಕೇ ಅವರು ಕೆಂಪು ಶಾಯಿಯಲ್ಲಿ ಬರೆದ ಒಂದು ಚೀಟಿಯನ್ನು ಅದಕ್ಕೆ ಅಂಟಿಸಿದ್ದರು: ಇದು ಸರ್ವರು, ಆಫ್ ಮಾಡಬೇಡಿ, ಎಂಬರ್ಥದ ಚೀಟಿ. ಇವತ್ತು ಹೋಸ್ಟಿಂಗ್ ಕಂಪನಿಗೆ ನಾವು ದುಡ್ಡು ಕೊಡುವುದು ಹೆಚ್ಚುಕಡಿಮೆ ಆ ಚೀಟಿಯ ಕೆಲಸಕ್ಕೇ. ಕರೆಂಟು ಹೋಗದಂತೆ, ಯಂತ್ರ ಬಿಸಿಯಾಗದಂತೆ, ಕಳ್ಳರು ನುಗ್ಗದಂತೆ ನೋಡಿಕೊಂಡು, ಕೇಳಿದವರಿಗೆ ಪುಟ ಕಳಿಸುತ್ತಿರುವುದು.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿಯಲ್ಲೋ ಸಾಗರದಲ್ಲೋ ನಾಲ್ಕು ಜನ ಗೆಳೆಯರು ಸೇರಿ ಒಂದು ತ್ರೈಮಾಸಿಕ ಪತ್ರಿಕೆ ನಡೆಸುತ್ತಿದ್ದಾರೆ. ಆರುನೂರು ಚಂದಾದಾರರು. ಅಂಚೆ ವೆಚ್ಚ ಏರುತ್ತಿದೆ, ಹೊರದೇಶದ ಕನ್ನಡಿಗರು ಆನ್‌ಲೈನ್ ಕೇಳುತ್ತಿದ್ದಾರೆ. ಸರಿ, ಸೈಟ್ ಮಾಡೋಣ ಎಂದಾಯಿತು. ಸಂಪಾದಕರ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. "ಮಾವ, ನೀವು ತಲೆ ಕೆಡಿಸ್ಕೋಬೇಡಿ, ನಾನು ಮಾಡಿಕೊಡ್ತೀನಿ" ಎನ್ನುತ್ತಾನೆ. ಮಾಡಿಯೂ ಕೊಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಆದರೆ ಖಾತೆ ತೆರೆದದ್ದು ಅವನ ಇಮೇಲಿನಲ್ಲಿ, ಓಟಿಪಿ ಬರುವುದು ಅವನ ಮೊಬೈಲಿಗೆ. ಮೂರು ವರ್ಷ ಕಳೆಯುವುದರಲ್ಲಿ ಹುಡುಗ ಕೆಲಸ ಹಿಡಿದು ಹೈದರಾಬಾದಿಗೆ ಹೋಗಿರುತ್ತಾನೆ, ನಂಬರು ಬದಲಾಗಿರುತ್ತದೆ, ಕಾಲೇಜು ಕೊಟ್ಟಿದ್ದ ಇಮೇಲು ಮುಚ್ಚಿರುತ್ತದೆ. ರಿನ್ಯೂವಲ್ ಮಾಡಿ ಎಂದು ಕಂಪನಿ ಕಳಿಸಿದ ನೆನಪೋಲೆಗಳೆಲ್ಲ ಆ ಮುಚ್ಚಿದ ಪೆಟ್ಟಿಗೆಗೇ ಹೋಗುತ್ತವೆ. ಒಂದು ದಿನ ಓದುಗರೊಬ್ಬರು ಫೋನ್ ಮಾಡಿ, "ನಿಮ್ಮ ಪತ್ರಿಕೆ ಸೈಟಲ್ಲಿ ಇಸ್ಪೀಟಾಟ ಬರ್ತಿದೆಯಲ್ಲ ಸಾರ್" ಎನ್ನುತ್ತಾರೆ. ಅವಧಿ ಮುಗಿದ ಹೆಸರುಗಳನ್ನು ಕಾದು ಕೊಂಡು ಜೂಜಿನ ಜಾಹೀರಾತು ತುಂಬುವುದನ್ನೇ ದಂಧೆ ಮಾಡಿಕೊಂಡವರಿದ್ದಾರೆ.

ಇಲ್ಲಿ ಕೈತಪ್ಪಿದ್ದು ಹೋಸ್ಟಿಂಗ್ ಅಲ್ಲ, ಡೊಮೈನ್, ಅಂದರೆ ಸೈಟಿನ ಹೆಸರು. ಹೆಸರು ಬೇರೆ, ಜಾಗ ಬೇರೆ. ಇವೆರಡನ್ನೂ ಒಂದೇ ಕಂಪನಿ ಒಂದೇ ಬಿಲ್ಲಿನಲ್ಲಿ, ಎಷ್ಟೋ ಸಲ ಹೆಸರನ್ನು ಮೊದಲ ವರ್ಷ ಉಚಿತವೆಂದು, ಕೊಟ್ಟುಬಿಡುವುದರಿಂದ ಎರಡೂ ಒಂದೇ ಎಂಬ ಭಾವನೆ ಬೆಳೆದಿದೆ. ಡಾಟ್ ಇನ್ ಹೆಸರುಗಳ ಮೂಲ ದಾಖಲೆ ಇರುವುದು ನಿಕ್ಸಿ ಎಂಬ ನಮ್ಮ ದೇಶದ ಸಂಸ್ಥೆಯಲ್ಲಿ. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಎಂದು ಮುಗಿಯುವ ಹೆಸರುಗಳನ್ನು ಕೊಡುವುದೂ ಅದೇ. ನಮಗೆ ಹೆಸರು ಮಾರುವ ಕಂಪನಿಗಳು ನಡುವಿನ ನೋಂದಣಿದಾರರು ಅಷ್ಟೆ. ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೂ ಒಂದಷ್ಟು ದಿನ, ಕಂಪನಿಯ ನಿಯಮ ನೋಡಿಕೊಂಡು, ಮಾಮೂಲಿ ದರಕ್ಕೇ ನವೀಕರಿಸಬಹುದು. ಅದು ದಾಟಿದರೆ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವಿದೆ. ಆಮೇಲೆ ಹೆಸರು ಅಳಿಸಿಹೋಗುವ ಮೊದಲಿನ ಐದು ದಿನದ ಕಾಯುವಿಕೆ. ಆಮೇಲೆ ಅದು ಊರಿಗೆಲ್ಲ ಮುಕ್ತ. ಆದ್ದರಿಂದ ಡೊಮೈನನ್ನು ಪತ್ರಿಕೆಯ, ಸಂಘದ, ಅಂಗಡಿಯ ಹೆಸರಿನಲ್ಲೇ ನೋಂದಾಯಿಸಿ. ಇಬ್ಬರಿಗಾದರೂ ಪಾಸ್‌ವರ್ಡ್ ಗೊತ್ತಿರುವ ಇಮೇಲ್ ಕೊಡಿ. ಮತ್ತೆ, ನನ್ನನ್ನು ಕೇಳಿದರೆ, ಹೆಸರನ್ನು ಒಂದು ಕಡೆ, ಜಾಗವನ್ನು ಇನ್ನೊಂದು ಕಡೆ ಕೊಳ್ಳಿ. ಎರಡು ಬಿಲ್ಲಿನ ತಾಪತ್ರಯ ಇದ್ದದ್ದೇ. ಆದರೆ ಜಾಗ ಕೊಟ್ಟವರ ಜೊತೆ ಜಗಳವಾದ ದಿನ ಹೆಸರು ಅವರ ಮುಷ್ಟಿಯಲ್ಲಿರುವುದಿಲ್ಲ.

ಇನ್ನು ಜಾಗದ ವಿಚಾರ. ನಮ್ಮಂಥವರಿಗೆ ಮೊದಲು ಎದುರಾಗುವುದು ಶೇರ್ಡ್ ಹೋಸ್ಟಿಂಗ್. ಇದನ್ನು ವಠಾರ ಎಂದುಕೊಳ್ಳಿ. ಒಂದೇ ಸರ್ವರಿನಲ್ಲಿ ನೂರಾರು ಸೈಟು, ಎಲ್ಲಕ್ಕೂ ಒಂದೇ ನಲ್ಲಿ. ಎದುರು ಮನೆಯವರು ಮದುವೆ ಇಟ್ಟುಕೊಂಡರೆ ಆ ದಿನ ನಿಮ್ಮ ಬಿಂದಿಗೆಗೆ ನೀರು ಸಣ್ಣಗೆ ಬೀಳುತ್ತದೆ. ವಠಾರದಲ್ಲಿ ಒಬ್ಬನ ಮೇಲೆ ಪೊಲೀಸರ ಕಣ್ಣು ಬಿದ್ದರೆ ಉಳಿದವರ ವಿಳಾಸಕ್ಕೂ ಕೆಟ್ಟ ಹೆಸರು. ಅದೇ ಸರ್ವರಿನಿಂದ ಯಾರೋ ಕಸದ ಮೇಲ್ ಕಳಿಸಿದರೆ ನಿಮ್ಮ ಚಂದಾ ರಸೀದಿಯೂ ಓದುಗರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಆದರೂ ನಮ್ಮ ತ್ರೈಮಾಸಿಕಕ್ಕೆ ವಠಾರವೇ ಸಾಕು. ಹೀಗೆ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ನಮ್ಮ ಪತ್ರಿಕೆ ಅಷ್ಟು ಸಣ್ಣದೇ ಎಂದು. ಸಣ್ಣದೇ, ಸ್ವಾಮಿ. ದಿನಕ್ಕೆ ಇನ್ನೂರು ಮುನ್ನೂರು ಓದುಗರು ಬರುವ ಸೈಟಿಗೆ ಇಡೀ ಸರ್ವರು ಹಿಡಿಯುವುದು ದುಂದು. ವಿಪಿಎಸ್ ಎಂಬುದೊಂದಿದೆ, ಅದೇ ಯಂತ್ರದಲ್ಲಿ ನಿಮಗೆಂದು ಗೋಡೆ ಹಾಕಿ ಪಾಲು ಕೊಡುವುದು. ಅದನ್ನು ನಿರ್ವಹಿಸಲು, ಹೊಸ ಭದ್ರತಾ ತಿದ್ದುಪಡಿಗಳನ್ನು ವಾರವಾರ ಹಾಕಲು ತಿಳಿದವರು ಬೇಕು. ಆ ವ್ಯಕ್ತಿ ನಿಮ್ಮಲ್ಲಿ ಇಲ್ಲದಿದ್ದರೆ ಅತ್ತ ತಲೆ ಹಾಕಬೇಡಿ.

ಕ್ಲೌಡ್ ಎನ್ನುವುದು ಈಗ ಎಲ್ಲರ ಬಾಯಲ್ಲೂ ಇದೆ. ಅಮೆಜಾನ್ 2006ರಲ್ಲಿ ತನ್ನ ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿದ ಮೇಲೆ ಈ ವ್ಯವಹಾರದ ಚಹರೆಯೇ ಬದಲಾಯಿತು. ಬಳಸಿದಷ್ಟಕ್ಕೆ ಬಿಲ್ಲು. ಇದು ಯಾರಿಗೆ ಬೇಕು? ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನು ನೆನೆಯಿರಿ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು, ಅವರ ಅಪ್ಪ ಅಮ್ಮ, ಸೋದರಮಾವ, ಟ್ಯೂಷನ್ ಮೇಷ್ಟ್ರು, ಎಲ್ಲರೂ ಒಂದೇ ಗಂಟೆಯೊಳಗೆ ಒಂದೇ ಪುಟಕ್ಕೆ ಮುತ್ತುತ್ತಾರೆ. ವರ್ಷದ ಉಳಿದ ದಿನ ಅಲ್ಲಿ ಜನವೇ ಇರುವುದಿಲ್ಲ. ಇಂಥ ಏರಿಳಿತ ಇರುವವರಿಗೆ ಕ್ಲೌಡ್ ಹೇಳಿ ಮಾಡಿಸಿದ್ದು. ನಮ್ಮ ತ್ರೈಮಾಸಿಕಕ್ಕೆ ಅಂಥ ಭಾಗ್ಯ ಬರುವುದು ಯಾರಾದರೂ ಅದರ ಮೇಲೆ ಮೊಕದ್ದಮೆ ಹೂಡಿದ ದಿನ ಮಾತ್ರ! ಬಳಸಿದಷ್ಟಕ್ಕೆ ಬಿಲ್ಲು ಎನ್ನುವುದು ಇನ್ನೊಂದು ಕಡೆಯಿಂದಲೂ ಕತ್ತರಿಸುತ್ತದೆ. ಪುಟಗಳನ್ನು ತಾನಾಗಿಯೇ ಹೆಕ್ಕುವ ಯಾವುದೋ ಬಾಟ್ ತಂತ್ರಾಂಶ ಬಂದು ನಿಮ್ಮ ಹಳೆಯ ಸಂಚಿಕೆಗಳನ್ನೆಲ್ಲ ರಾತ್ರೋರಾತ್ರಿ ಇಳಿಸಿಕೊಂಡು ಹೋದರೆ ಅದರ ಬಾಬತ್ತೂ ನಿಮ್ಮ ಬಿಲ್ಲಿಗೇ.

ಜಾಹೀರಾತುಗಳಲ್ಲಿ ಜಾಗದ ಗಾತ್ರವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. 50 ಜಿಬಿ, 100 ಜಿಬಿ, ಕೊನೆಗೆ ಅನ್‌ಲಿಮಿಟೆಡ್. ಕನ್ನಡ ಬರಹಕ್ಕೆ ನಿಜವಾಗಿ ಎಷ್ಟು ಜಾಗ ಬೇಕು ಎಂದು ಲೆಕ್ಕ ಹಾಕೋಣ. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ವೆಬ್‌ಸೈಟಿನಲ್ಲಿಡುವ ರೂಢಿಯ ವಿಧಾನ ಯುಟಿಎಫ್-8. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕ್ಷ ಎಂಬ ಒಂದು ಒತ್ತಕ್ಷರದೊಳಗೆ ಕ, ಹಲಂತ, ಷ ಎಂದು ಮೂರು ಸಂಕೇತ, ಒಂಬತ್ತು ಬೈಟ್. ಸ್ತ್ರೀ ಎಂದು ಬರೆದರೆ ಹದಿನೆಂಟು. ಅಬ್ಬಾ ಎನ್ನಬೇಡಿ. ನಾನೀಗ ಮಾಡುತ್ತಿರುವ ಈ ಭಾಷಣವನ್ನಿಡೀ ಹಾಗೆ ಕೂಡಿಟ್ಟರೂ ಸುಮಾರು 60 ಕಿಲೋಬೈಟ್. ಇಂಥ ಸಾವಿರ ಲೇಖನ ಸೇರಿದರೆ 60 ಮೆಗಾಬೈಟ್. ಅಂದರೆ ನಮ್ಮ ಪತ್ರಿಕೆ ಮೂವತ್ತು ವರ್ಷ ಬರೆದ ಬರಹವೆಲ್ಲ ಒಂದು ಜಿಬಿಯ ಮೂಲೆಯಲ್ಲಿ ಕೂರುತ್ತದೆ. ಜಾಗ ತಿನ್ನುವುದು ಬರಹವಲ್ಲ, ಚಿತ್ರ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ನಾಲ್ಕು ಮೆಗಾಬೈಟ್, ಅಂದರೆ ಅರವತ್ತಕ್ಕೂ ಹೆಚ್ಚು ಲೇಖನಗಳ ತೂಕ. ಅದನ್ನು ಹಾಗೇ ಏರಿಸಿದರೆ ಸಾವಿರ ಓದುಗರು ನೋಡುವಷ್ಟರಲ್ಲಿ ನಾಲ್ಕು ಜಿಬಿ ಸಾಗಣೆಯಾಯಿತು. ಅದೇ ಚಿತ್ರವನ್ನು ಕುಗ್ಗಿಸಿ 200 ಕಿಲೋಬೈಟಿಗೆ ತಂದರೆ ಮೊಬೈಲಿನ ಪರದೆಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಹೋಸ್ಟಿಂಗ್ ನಿಧಾನ ಎಂದು ದೂರುವವರ ಸೈಟುಗಳಲ್ಲಿ ಅರ್ಧಕ್ಕರ್ಧ ಈ ಕುಗ್ಗಿಸದ ಫೋಟೋಗಳ ದೆಸೆಯಿಂದ ನರಳುತ್ತಿರುತ್ತವೆ ಎಂಬುದು ನನ್ನ ಗುಮಾನಿ. ಅನ್‌ಲಿಮಿಟೆಡ್ ಎಂಬುದಕ್ಕೂ ಕರಾರಿನ ಸಣ್ಣಕ್ಷರದಲ್ಲಿ ಮಿತಿ ಇದ್ದೇ ಇರುತ್ತದೆ. ಫೈಲುಗಳ ಒಟ್ಟು ಸಂಖ್ಯೆ ಇಷ್ಟು ದಾಟಬಾರದು, ಸರ್ವರಿನ ಶಕ್ತಿಯನ್ನು ಇಷ್ಟಕ್ಕಿಂತ ಹೆಚ್ಚು ಹೀರಬಾರದು, ಹೀಗೆ.

ಸಣ್ಣಕ್ಷರದ ಮಾತು ಬಂದದ್ದರಿಂದ ದರದ ವಿಚಾರವನ್ನೂ ಹೇಳುತ್ತೇನೆ. ತಿಂಗಳಿಗೆ 99 ರೂಪಾಯಿ ಎಂಬ ಜಾಹೀರಾತು ಕಂಡಿತು ಎನ್ನಿ. ಒಳಗೆ ಹೋದರೆ, ಆ ದರ ನಾಲ್ಕು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದವರಿಗೆ. 48 ತಿಂಗಳಿಗೆ 4,752 ರೂಪಾಯಿ, ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿ 5,607. ನಾಲ್ಕು ವರ್ಷ ಮುಗಿದ ಮೇಲಿನ ರಿನ್ಯೂವಲ್ ದರ ತಿಂಗಳಿಗೆ 399 ಎಂದು ಇನ್ನೊಂದು ಮೂಲೆಯಲ್ಲಿ ಇರುತ್ತದೆ. ಆಗ ಐದನೆಯ ವರ್ಷ ಒಂದಕ್ಕೇ ತೆರಿಗೆ ಸೇರಿ 5,650. ಮೊದಲ ನಾಲ್ಕು ವರ್ಷಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ! ಈ ಅಂಕಿಗಳು ನಾನು ಲೆಕ್ಕಕ್ಕೆಂದು ಇಟ್ಟುಕೊಂಡವು, ಆದರೆ ಧಾಟಿ ಮಾರುಕಟ್ಟೆಯದೇ. ಇದರಲ್ಲಿ ಮೋಸ ಇದೆ ಎಂದು ನಾನು ಹೇಳುವುದಿಲ್ಲ, ಬರೆದೇ ಇರುತ್ತಾರೆ. ಹೋಲಿಸುವಾಗ ಮಾತ್ರ ಮೊದಲ ದರವನ್ನು ಮೊದಲ ದರದ ಜೊತೆ ಹೋಲಿಸಬೇಡಿ, ರಿನ್ಯೂವಲ್ ದರವನ್ನು ರಿನ್ಯೂವಲ್ ದರದ ಜೊತೆ ಹೋಲಿಸಿ. ಮೊದಲ ಸಲಕ್ಕೆ ಒಂದೇ ವರ್ಷಕ್ಕೆ ಕಟ್ಟಿ. ಸ್ವಲ್ಪ ಹೆಚ್ಚು ತೆತ್ತಂತೆ ಕಾಣುತ್ತದೆ, ನಿಜ. ಆದರೆ ಕಂಪನಿಯ ಗುಣ ಗೊತ್ತಾಗುವ ಮೊದಲೇ ನಾಲ್ಕು ವರ್ಷ ಅಲ್ಲೇ ಕಟ್ಟಿಹಾಕಿಸಿಕೊಳ್ಳುವುದಕ್ಕಿಂತ ಅದು ಮೇಲು.

ಅಂತರ್ಜಾಲದಲ್ಲಿ "ಅತ್ಯುತ್ತಮ ಹತ್ತು ಹೋಸ್ಟಿಂಗ್" ಎಂಬ ಪಟ್ಟಿಗಳು ಹೇರಳ. ಅವುಗಳಲ್ಲಿ ಬಹುಪಾಲಿನವು, ನೀವು ಅಲ್ಲಿಂದ ಒತ್ತಿ ಕೊಂಡರೆ ಕಮಿಷನ್ ಪಡೆಯುವಂಥವು. ಇನ್ನೂ ಒಂದು ತಮಾಷೆ ಇದೆ. ಬೇರೆ ಬೇರೆ ಹೆಸರಿನ ಅಂಗಡಿಗಳ ಹಿಂದೆ ಒಬ್ಬನೇ ಯಜಮಾನ ಇರುತ್ತಾನೆ. ಅಮೆರಿಕದ ಎಂಡ್ಯೂರೆನ್ಸ್ ಎಂಬ ಕಂಪನಿ 2010ರಲ್ಲಿ ಬ್ಲೂಹೋಸ್ಟನ್ನು, 2012ರಲ್ಲಿ ಹೋಸ್ಟ್‌ಗೇಟರನ್ನು ಕೊಂಡಿತು. 2014ರಲ್ಲಿ ನಮ್ಮ ಮುಂಬಯಿಯ ಡೈರೆಕ್ಟಿ ಸಮೂಹದ ಬಿಗ್‌ರಾಕ್ ಮೊದಲಾದವೂ ಅದರ ತೆಕ್ಕೆಗೆ ಬಂದವು. 2021ರಿಂದ ಆ ಕಂಪನಿಯ ಹೆಸರು ನ್ಯೂಫೋಲ್ಡ್ ಡಿಜಿಟಲ್. ಒಂದರಿಂದ ಮುನಿಸಿಕೊಂಡು ಇನ್ನೊಂದಕ್ಕೆ ಹೋದವರು ಅದೇ ಮನೆಯ ಹಿತ್ತಿಲ ಬಾಗಿಲಿನಿಂದ ಒಳಬಂದಿರುವುದೂ ಉಂಟು.

ಸರ್ವರು ಎಲ್ಲಿರಬೇಕು? ಬೆಳಕು ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ನೇರ ಗೆರೆ ಎಳೆದರೂ ಹದಿಮೂರು ಸಾವಿರ ಕಿಲೋಮೀಟರಿಗಿಂತ ಹೆಚ್ಚು. ಸಮುದ್ರದಡಿಯ ಕೇಬಲ್ಲುಗಳು ನೇರವಾಗಿ ಹೋಗುವುದಿಲ್ಲ, ಮುಂಬಯಿ, ಚೆನ್ನೈಗಳಿಂದ ಇಳಿದು ಸುತ್ತಿ ಬಳಸಿ ಹೋಗುತ್ತವೆ. ಒಂದು ಸಲ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹಿಡಿಯುತ್ತದೆ. ಅಷ್ಟೇ ತಾನೆ ಎನ್ನುವಂತಿಲ್ಲ. ಸುರಕ್ಷಿತ ಸಂಪರ್ಕ ಕುದುರಿಸಿಕೊಳ್ಳಲು ಮೊಬೈಲೂ ಸರ್ವರೂ ಮೂರು ನಾಲ್ಕು ಸಲ ಆಚೆ ಈಚೆ ಮಾತಾಡಿಕೊಳ್ಳಬೇಕು, ಮೊದಲ ಅಕ್ಷರ ಕಾಣುವ ಮೊದಲೇ ಮುಕ್ಕಾಲು ಸೆಕೆಂಡು ಹೋಯಿತು. ಅದೇ ಸರ್ವರು ಮುಂಬಯಿಯಲ್ಲಿದ್ದರೆ ಆ ಮಾತುಕತೆಯೆಲ್ಲ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ನಮ್ಮ ತ್ರೈಮಾಸಿಕದ ಓದುಗರು ಹೆಚ್ಚಾಗಿ ಇಲ್ಲೇ ಇರುವುದರಿಂದ ಭಾರತದೊಳಗಿನ ಸರ್ವರು, ಅದಿಲ್ಲದಿದ್ದರೆ ಸಿಂಗಪುರ. ಹತ್ತು ಹದಿನೈದು ವರ್ಷದ ಹಿಂದೆ ಇಂಥ ಆಯ್ಕೆ ಕಡಿಮೆ ಇತ್ತು. 2015ರಲ್ಲಿ ಮೈಕ್ರೋಸಾಫ್ಟ್, 2016ರಲ್ಲಿ ಅಮೆಜಾನ್, 2017ರಲ್ಲಿ ಗೂಗಲ್ ತಮ್ಮ ಕ್ಲೌಡ್ ಕೇಂದ್ರಗಳನ್ನು ಭಾರತದಲ್ಲಿ ತೆರೆದ ಮೇಲೆ ಸಣ್ಣಪುಟ್ಟ ಕಂಪನಿಗಳೂ ಇಲ್ಲಿನ ಜಾಗವನ್ನು ಕೊಡತೊಡಗಿವೆ. ನ್ಯೂಜೆರ್ಸಿಯ ಕನ್ನಡಿಗರ ಗತಿಯೇನು ಎಂದರೆ, ಅದಕ್ಕೆ ಸಿಡಿಎನ್ ಎಂಬ ಉಪಾಯವಿದೆ. ಲೋಕದ ಹಲವು ಊರುಗಳಲ್ಲಿ ನಿಮ್ಮ ಪುಟಗಳ ನಕಲು ಇಟ್ಟು, ಓದುಗರಿಗೆ ಹತ್ತಿರದ ನಕಲನ್ನು ಕಳಿಸುವ ಏರ್ಪಾಡು. ಸಣ್ಣ ಸೈಟುಗಳಿಗೆ ಇದು ಉಚಿತವಾಗಿಯೇ ಸಿಗುತ್ತದೆ. ಕನ್ನಡ ವಿಕಿಪೀಡಿಯವನ್ನು ನಡೆಸುವ ಪ್ರತಿಷ್ಠಾನವೂ ಏಷ್ಯಾದ ಓದುಗರಿಗಾಗಿ 2018ರಿಂದ ಸಿಂಗಪುರದಲ್ಲಿ ಇಂಥ ನಕಲು ಕೇಂದ್ರವನ್ನು ಇಟ್ಟುಕೊಂಡಿದೆ.

ಸೈಟು ಶೇಕಡಾ 99.9ರಷ್ಟು ಹೊತ್ತು ತೆರೆದಿರುತ್ತದೆ ಎಂದು ಎಲ್ಲರೂ ಭರವಸೆ ಕೊಡುತ್ತಾರೆ. ಕೇಳಲು ಇಂಪಾಗಿದೆ. ಲೆಕ್ಕ ಮಾಡಿದರೆ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ಮುಚ್ಚಿರಬಹುದು ಎಂದಾಯಿತು. ಅದಕ್ಕೂ ಮೀರಿ ಮುಚ್ಚಿದರೆ ನಿಮಗೆ ಸಿಗುವ ಪರಿಹಾರ ಸಾಮಾನ್ಯವಾಗಿ ಆ ತಿಂಗಳ ಬಾಡಿಗೆಯಲ್ಲಿ ಒಂದಷ್ಟು ಮಾಫಿ. ನಿಮ್ಮ ಪುಸ್ತಕ ಬಿಡುಗಡೆಯ ದಿನ ಹಾಳಾದದ್ದಕ್ಕೆ ಯಾರೂ ಏನೂ ಕೊಡುವುದಿಲ್ಲ. ದೊಡ್ಡವರೂ ಬೀಳುತ್ತಾರೆ. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿನ ಅಮೆಜಾನ್ ಕೇಂದ್ರ ಎಡವಿದಾಗ ಲೋಕದ ಹೆಸರಾಂತ ಸೇವೆಗಳು ಗಂಟೆಗಟ್ಟಲೆ ನಿಂತುಹೋದವು.

ನಿಂತು ಮತ್ತೆ ಏಳುವುದು ಒಂದು. ಏಳದೇ ಹೋಗುವುದು ಇನ್ನೊಂದು. 2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಕಂಪನಿಯ ಐದಂತಸ್ತಿನ ಕೇಂದ್ರಕ್ಕೆ ಬೆಂಕಿ ಬಿತ್ತು. ಇಡೀ ಕಟ್ಟಡ ಸುಟ್ಟಿತು, ಪಕ್ಕದ್ದಕ್ಕೂ ಹಾನಿಯಾಯಿತು. ಜೀವಹಾನಿ ಆಗಲಿಲ್ಲ, ಅದೊಂದು ಸಮಾಧಾನ. ಲಕ್ಷಗಟ್ಟಲೆ ಸೈಟುಗಳು ಬೆಳಗಾಗುವುದರಲ್ಲಿ ಕಾಣೆಯಾಗಿದ್ದವು. ಬೇರೆ ಕಡೆ ಪ್ರತಿ ಇಟ್ಟುಕೊಂಡಿದ್ದವರು ಕೆಲವೇ ದಿನಗಳಲ್ಲಿ ಎದ್ದು ನಿಂತರು. ಆದರೆ ಬ್ಯಾಕಪ್ಪಿಗೆಂದು ಪ್ರತ್ಯೇಕ ಹಣ ಕಟ್ಟಿದ್ದ ಕೆಲವು ಗ್ರಾಹಕರ ಬ್ಯಾಕಪ್ಪೂ ಅದೇ ಕಟ್ಟಡದಲ್ಲೇ ಇತ್ತು! ಮೂಲದ ಜೊತೆ ನಕಲೂ ಬೂದಿಯಾಯಿತು. ಅವರಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋಗಿ 2023ರಲ್ಲಿ ಪರಿಹಾರದ ಆದೇಶ ಪಡೆದರು. ಆದೇಶ ಬಂತು, ದಾಖಲೆ ಬರಲಿಲ್ಲ. ಇದು ಖಾಸಗಿಯವರಿಗೆ ಮಾತ್ರ ಆಗುವಂಥದ್ದಲ್ಲ. ತಂತ್ರಜ್ಞಾನಕ್ಕೆ ಹೆಸರಾದ ದಕ್ಷಿಣ ಕೊರಿಯಾದಲ್ಲೇ, 2025ರ ಸೆಪ್ಟೆಂಬರಿನಲ್ಲಿ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟಿನ ಸಂಗ್ರಹ ನಾಶವಾಯಿತು. ಅದಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ.

ಬೆಂಕಿ ಇಲ್ಲದೆಯೂ ಕಳೆದುಕೊಳ್ಳಬಹುದು. 2017ರ ಜನವರಿ ಕೊನೆಯ ದಿನ ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ ಸುಸ್ತಾಗಿದ್ದ ಒಬ್ಬ ಇಂಜಿನಿಯರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ಬ್ಯಾಕಪ್ ನೋಡೋಣ ಎಂದರೆ, ಇದ್ದ ಐದು ಬಗೆಯ ಏರ್ಪಾಡುಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಒಂದು ನಕಲು ಸಿಕ್ಕಿತು. ಆ ಕಂಪನಿ ಎಲ್ಲವನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿತು ಎಂಬುದಕ್ಕೆ ಅದರ ಮೇಲೆ ನನಗೆ ಗೌರವ ಇದೆ. ನಮ್ಮ ಸಂಪಾದಕರು ಇದರಿಂದ ತಿಳಿಯಬೇಕಾದ್ದು ಇಷ್ಟು: ಕಂಪನಿಯವರು ದಿನಾ ಬ್ಯಾಕಪ್ ತೆಗೆಯುತ್ತೇವೆ ಎಂದರೆ ಸಂತೋಷ. ಆ ಪ್ರತಿಯನ್ನು ನಾನೇ ಇಳಿಸಿಕೊಳ್ಳಬಹುದೇ, ಅದಕ್ಕೆ ಬೇರೆ ಶುಲ್ಕ ಇದೆಯೇ ಎಂದು ಕೇಳಬೇಕು. ತಿಂಗಳಿಗೊಮ್ಮೆ ಇಳಿಸಿ ಪತ್ರಿಕೆಯ ಕಚೇರಿಯ ಹಾರ್ಡ್ ಡಿಸ್ಕಿನಲ್ಲಿ ಹಾಕಿಡಬೇಕು. ವರ್ಷಕ್ಕೊಮ್ಮೆ ಆ ಪ್ರತಿಯಿಂದ ಸೈಟು ನಿಜವಾಗಿ ಏಳುತ್ತದೆಯೇ ಎಂದು ಏಳಿಸಿ ನೋಡಬೇಕು. ಇಳಿಸಿಕೊಳ್ಳಲು ಬಿಡದ ಕಂಪನಿ ಎಷ್ಟೇ ಅಗ್ಗವಾದರೂ ನನ್ನ ಪಟ್ಟಿಯಿಂದ ಹೊರಗೆ.

ಉಚಿತವಾಗಿ ಸಿಗುವ ಜಾಗಗಳ ಬಗ್ಗೆಯೂ ಇದೇ ಮಾತು. ಬರೀ ಬರಹ, ಒಂದಿಷ್ಟು ಚಿತ್ರ ಇರುವ ಸೈಟಿಗೆ ದುಡ್ಡು ಕೊಡಲೇಬೇಕೆಂದಿಲ್ಲ. ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್, ಸ್ವಲ್ಪ ತಿಳಿದವರಾದರೆ ಗಿಟ್‌ಹಬ್ ಪೇಜಸ್, ಎಲ್ಲವೂ ಇವೆ. ಆದರೆ 1994ರಲ್ಲಿ ಶುರುವಾದ ಜಿಯೋಸಿಟೀಸನ್ನು ನೆನಪಿಟ್ಟುಕೊಳ್ಳಿ. ಲಕ್ಷಾಂತರ ಜನ ತಮ್ಮ ಮೊದಲ ವೆಬ್‌ಸೈಟನ್ನು ಅಲ್ಲಿ ಪುಕ್ಕಟೆ ಕಟ್ಟಿಕೊಂಡಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಕೆಲವು ಸ್ವಯಂಸೇವಕರು ಹಗಲಿರುಳು ಕೂತು ನಕಲು ಮಾಡಿಕೊಂಡಷ್ಟು ಉಳಿಯಿತು. ಉಚಿತ ಜಾಗ ಬೇಡ ಎಂದಲ್ಲ. ಉಚಿತ ಜಾಗಕ್ಕೂ ನಿಮ್ಮದೇ ಡೊಮೈನನ್ನು ಜೋಡಿಸಿಕೊಳ್ಳಿ. ಆಗ ಆ ಜಾಗ ಮುಚ್ಚಿದರೂ ಓದುಗರಿಗೆ ಗೊತ್ತಿರುವ ವಿಳಾಸ ಬದಲಾಗುವುದಿಲ್ಲ.

ಎರಡು ಸಣ್ಣ ಸಂಗತಿ ಬೇಗ ಹೇಳಿ ಮುಂದೆ ಹೋಗುತ್ತೇನೆ. ಸೈಟಿಗೂ ಓದುಗರಿಗೂ ನಡುವಿನ ಸಂಪರ್ಕಕ್ಕೆ ಬೀಗ ಹಾಕುವ ಪ್ರಮಾಣಪತ್ರ, ಎಸ್ಎಸ್ಎಲ್ ಎನ್ನುತ್ತಾರಲ್ಲ, ಅದಿಲ್ಲದ ಸೈಟನ್ನು ಗೂಗಲ್ ಕ್ರೋಮ್ 2018ರಿಂದ ಸುರಕ್ಷಿತವಲ್ಲ ಎಂದು ತೋರಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರ ಕೊನೆಯಿಂದ ಆ ಪ್ರಮಾಣಪತ್ರವನ್ನು ಲೋಕಕ್ಕೆಲ್ಲ ಬಿಟ್ಟಿಯಾಗಿ ಕೊಡುತ್ತಿದೆ. ಅಷ್ಟಾದರೂ ಮಾಮೂಲಿ ಸೈಟಿಗೆ ಅದಕ್ಕೆಂದು ವರ್ಷಕ್ಕೆ ಸಾವಿರಾರು ರೂಪಾಯಿ ಕೇಳುವವರು ಸಿಕ್ಕರೆ ಅವರ ಉಳಿದ ಬಿಲ್ಲನ್ನೂ ಅನುಮಾನದಿಂದ ನೋಡಿ. ಇನ್ನೊಂದು, ಖಾತೆ ತೆರೆಯುವಾಗ ನಿಮ್ಮ ನಿಜ ಹೆಸರು, ವಿಳಾಸ ಕೇಳಿದರೆ ಗಾಬರಿ ಬೇಡ. 2022ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎಸ್, ಕ್ಲೌಡ್ ಸೇವೆ ಕೊಡುವವರು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು.

ಕನ್ನಡದವರಿಗೇ ವಿಶೇಷವಾದ ಒಂದು ಕಷ್ಟ ಇದೆ. ಇದನ್ನು ಹೋಸ್ಟಿಂಗ್ ಕಂಪನಿಯವರು ಹೇಳುವುದಿಲ್ಲ, ಅವರಿಗೆ ಗೊತ್ತಿರುವುದೂ ಕಡಿಮೆ. ಬಹಳಷ್ಟು ಸೈಟುಗಳು ಬರಹವನ್ನು ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯದಲ್ಲಿ ಕೂಡಿಡುತ್ತವೆ. 2018ರಲ್ಲಿ ಅದರ ಎಂಟನೆಯ ಆವೃತ್ತಿ ಬರುವವರೆಗೂ, ನೀವಾಗಿ ಬೇರೆ ಹೇಳದಿದ್ದರೆ, ಅದು ಎಲ್ಲವನ್ನೂ ಪಶ್ಚಿಮ ಯೂರೋಪಿನ ಲಿಪಿ ಎಂದೇ ಭಾವಿಸುತ್ತಿತ್ತು. ಆ ಕಾಲದಲ್ಲಿ ಕಟ್ಟಿದ ಕನ್ನಡ ಸೈಟು ಇದ್ದಲ್ಲಿ ಹೇಗೋ ಸರಿಯಾಗಿಯೇ ಕಾಣುತ್ತಿರುತ್ತದೆ. ಬೇರೆ ಹೋಸ್ಟಿಂಗಿಗೆ ಎತ್ತಿ ಹಾಕಿದಿರೋ, ಕನ್ನಡವೆಲ್ಲ ಮಾಯ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಎ, ಅದರ ಪಕ್ಕದಲ್ಲೊಂದು ಪುಟಾಣಿ 2 ಅಥವಾ 3, ಆಮೇಲೊಂದು ಚುಕ್ಕೆಯೋ ಚಿಹ್ನೆಯೋ, ಇದೇ ಮೂರು ಮೂರು ಸಾಲಾಗಿ ಪುಟದ ತುಂಬ. ನಾನಾಗಲೇ ಹೇಳಿದ ಮೂರು ಬೈಟುಗಳು ಬಿಡಿಬಿಡಿಯಾಗಿ ಬೀದಿಗೆ ಬಂದಿರುವುದು ಅದು. ಹೀಗೆ ಕಂಡರೆ ಕಂಗಾಲಾಗಬೇಡಿ, ಬರಹ ಹೋಗಿಲ್ಲ, ಓದುವ ರೀತಿ ತಪ್ಪಿದೆ; ತಿಳಿದವರು ಸರಿಮಾಡುತ್ತಾರೆ. ಆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಆ ಪ್ರತಿಯಲ್ಲಿ ಬರಹ ಹೋದಂತೆಯೇ. ಮೂಲ ಪ್ರತಿಗೇ ಮರಳಬೇಕು.

ಆದ್ದರಿಂದ ಹೋಸ್ಟಿಂಗ್ ಬದಲಿಸುವ ದಿನ ಅವಸರ ಮಾಡಬಾರದು. ಹಳೆಯದರ ಅವಧಿ ಮುಗಿಯಲು ಒಂದು ತಿಂಗಳಾದರೂ ಉಳಿದಿರುವಾಗಲೇ ಹೊಸದನ್ನು ಕೊಳ್ಳಿ. ಎರಡೂ ಕಡೆ ಸೈಟು ಇರಲಿ. ಹೊಸ ಕಡೆ ಹತ್ತು ಲೇಖನ ತೆರೆದು, ಒತ್ತಕ್ಷರಗಳನ್ನು, ಅಡಿಟಿಪ್ಪಣಿಗಳನ್ನು, ಲೇಖಕರ ಹೆಸರುಗಳನ್ನು ಕಣ್ಣಿಟ್ಟು ಓದಿ ನೋಡಿ. ಪತ್ರಿಕೆಯ ಇಮೇಲೂ ಅದೇ ಹೋಸ್ಟಿಂಗಿನಲ್ಲಿದ್ದರೆ ಹಳೆಯ ಪತ್ರಗಳನ್ನು ಮೊದಲು ಇಳಿಸಿಕೊಳ್ಳಿ. ಸೈಟನ್ನು ಸಾಗಿಸಿದವರು ಎಷ್ಟೋ ಸಲ ಮೇಲ್ ಪೆಟ್ಟಿಗೆಯನ್ನು ಅಲ್ಲೇ ಮರೆತು ಬರುತ್ತಾರೆ. ಆಮೇಲೆ ಡೊಮೈನಿನ ಖಾತೆಗೆ ಹೋಗಿ, ಹೆಸರು ಯಾವ ಸರ್ವರಿನ ಕಡೆ ಬೊಟ್ಟು ಮಾಡಬೇಕು ಎಂಬುದನ್ನು ಬದಲಿಸಬೇಕು. ಆ ಬದಲಾವಣೆ ಎಲ್ಲ ಕಡೆ ಹರಡಲು ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಹಿಡಿಯುತ್ತದೆ. ಅಷ್ಟು ಹೊತ್ತು ಕೆಲವರಿಗೆ ಹಳೆಯ ಸೈಟು, ಕೆಲವರಿಗೆ ಹೊಸದು ಕಾಣುತ್ತಿರುತ್ತದೆ. ಹೊಸ ಸಂಚಿಕೆ ಏರಿಸುವುದನ್ನು ಆ ಎರಡು ದಿನ ತಡೆಯಿರಿ. ಡೊಮೈನನ್ನೂ ಬೇರೆ ಕಂಪನಿಗೆ ಒಯ್ಯುವುದಾದರೆ ವರ್ಗಾವಣೆಯ ಗುಪ್ತ ಸಂಕೇತ ಕೇಳಿ. ಡಾಟ್ ಕಾಮಿನಂಥ ಹೆಸರುಗಳಿಗೆ ಅದನ್ನು ಐದು ದಿನದೊಳಗೆ ಕೊಡಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಇದೆ. ಹೊಸದಾಗಿ ನೋಂದಾಯಿಸಿದ ಹೆಸರನ್ನು ಮಾತ್ರ ಮೊದಲ 60 ದಿನ ಒಯ್ಯಲು ಆಗುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಎರಡು ಕಂಪನಿಗಳ ನಡುವೆ ತೀರ್ಮಾನ ಆಗದಿದ್ದರೆ ಹಣ ಕಟ್ಟುವ ಮೊದಲು ಇಬ್ಬರ ಸಹಾಯವಾಣಿಗೂ ಒಂದೇ ಪ್ರಶ್ನೆ ಕಳಿಸಿ. ಭಾನುವಾರ ರಾತ್ರಿ ಕಳಿಸಿದರೆ ಇನ್ನೂ ಒಳ್ಳೆಯದು. "ಒಂದು ವರ್ಷದ ನಂತರ ನಾನು ನಿಮ್ಮನ್ನು ಬಿಟ್ಟು ಹೋಗಬೇಕಾದರೆ ನನ್ನ ಪೂರ್ತಿ ಸೈಟು, ದತ್ತಸಂಚಯ, ಇಮೇಲುಗಳನ್ನು ನಾನೇ ಇಳಿಸಿಕೊಳ್ಳುವುದು ಹೇಗೆ?" ಎಂದು ಕೇಳಿ. ಒಬ್ಬರು ರಿಯಾಯಿತಿ ದರದ ಪಟ್ಟಿ ಕಳಿಸುತ್ತಾರೆ. ಇನ್ನೊಬ್ಬರು ಇಂಥ ಕಡೆ ಒತ್ತಿ, ಇಂಥ ಫೈಲು ಬರುತ್ತದೆ ಎಂದು ನಾಲ್ಕು ಸಾಲು ಬರೆಯುತ್ತಾರೆ. ಆ ನಾಲ್ಕು ಸಾಲು ಬರೆದವರಿಗೆ ಒಂದು ವರ್ಷದ ಹಣ ಕಟ್ಟಿ.